ಬಿದ್ದ ಹಿಮದ ಲೆಕ್ಕ

2024ರ ಜನವರಿಯಲ್ಲಿ ಸ್ಕೀಯಿಂಗ್ ಆಸೆಯಿಂದ ಗುಲ್ಮಾರ್ಗ್‌ಗೆ ಹೋದವರನ್ನು ಎದುರುಗೊಂಡದ್ದು ಒಣಗಿದ ಹುಲ್ಲುಗಾವಲು. ಮರುವರ್ಷ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟ ಕೂಟ ಅದು. ಮೆಡಿಟರೇನಿಯನ್ ಕಡೆಯಿಂದ ಮಳೆ, ಹಿಮ ಹೊತ್ತು ತರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಕೈಕೊಟ್ಟರೆ ಕಾಶ್ಮೀರದ ಇಳಿಜಾರುಗಳಿಗೆ ಬೇರೆ ಗತಿಯಿಲ್ಲ. ಅದು ಬರುತ್ತದೋ ಇಲ್ಲವೋ ಎಂದು ನಾಲ್ಕೈದು ದಿನ ಮೊದಲೇ ಹೇಳುವ ವಿದ್ಯೆ ಈಗ ಚೆನ್ನಾಗಿ ಪಳಗಿದೆ. ಆದರೆ ಬಿದ್ದ ಹಿಮ ನೆಲದ ಮೇಲೆ ಏನಾಗುತ್ತದೆ ಎಂದು ತಿಳಿಯುವ ವಿದ್ಯೆ ಬೇರೆ, ಅದರ ಚರಿತ್ರೆಯೂ ಬೇರೆ. ಸ್ಕೀ ಕಟ್ಟಿಕೊಂಡು ಇಳಿಯುವವರಿಗೆ ಹೆಚ್ಚು ಬೇಕಾದದ್ದು ಈ ಎರಡನೆಯದು.

ಹಿಮವನ್ನು ಮೊದಮೊದಲು ಅಳೆಯಲು ಹೊರಟವರಿಗೆ ಇದ್ದದ್ದು ನೀರಿನ ಚಿಂತೆ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದರ ಬೆನ್ನಿಗೇ, 1876–78ರಲ್ಲಿ, ಮೈಸೂರು ಸಂಸ್ಥಾನವನ್ನೂ ಹಿಂಡಿಹಾಕಿದ ಘೋರ ಕ್ಷಾಮ ಬಂತು. ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟಿದೆಯೇ ಎಂದು ಹುಡುಕುತ್ತ ಹೋಗಿ, ಹಿಮ ಹೆಚ್ಚಾದ ವರ್ಷ ಮಳೆ ಕಡಿಮೆ ಎಂದು 1884ರಲ್ಲಿ ಬರೆದರು. ಅಮೆರಿಕದ ನೆವಾಡದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಜೇಮ್ಸ್ ಚರ್ಚ್ ಎಂಬ ಲ್ಯಾಟಿನ್ ಮೇಷ್ಟರು. 1900ರ ದಶಕದಲ್ಲಿ ಅವರು ಮೌಂಟ್ ರೋಸ್ ಬೆಟ್ಟ ಹತ್ತಿ, ತುದಿಗೆ ಹಲ್ಲುಗಳಿದ್ದ ಟೊಳ್ಳು ಕೊಳವೆಯನ್ನು ಹಿಮಕ್ಕೆ ಇಳಿಸಿ, ಒಳಗೆ ಸಿಕ್ಕ ಹಿಮವನ್ನು ತೂಗಿದರು. ವಸಂತದಲ್ಲಿ ಟಾಹೋ ಸರೋವರ ಎಷ್ಟು ಏರುತ್ತದೆ ಎಂದು ಮೊದಲೇ ಹೇಳುವುದು ಆ ತೂಕದಿಂದ ಸಾಧ್ಯವಾಯಿತು.

ಆಳಕ್ಕಿಂತ ತೂಕ ಮುಖ್ಯ ಎಂಬ ಚರ್ಚ್ ಅವರ ಕಾಣ್ಕೆಯನ್ನು ಇವತ್ತಿನ ಮೊಬೈಲ್ ಆ್ಯಪ್‌ಗಳು ಮರೆತಂತಿದೆ. ಸಾಮಾನ್ಯವಾಗಿ 10 ಸೆಂ.ಮೀ. ಹೊಸ ಹಿಮ ಕರಗಿದರೆ 1 ಸೆಂ.ಮೀ. ನೀರು. ಕೊರೆಯುವ ಚಳಿಯಲ್ಲಿ ಬಿದ್ದ ಒಣ ಹಿಮವಾದರೆ ಅಷ್ಟೇ ನೀರಿಗೆ 20 ಸೆಂ.ಮೀ. ಬೇಕಾದೀತು, ತೇವದ ಹಿಮವಾದರೆ 5 ಸೆಂ.ಮೀ. ಸಾಕು. ಮೊದಲನೆಯದರಲ್ಲಿ ಸ್ಕೀ ತೇಲುತ್ತದೆ, ಎರಡನೆಯದರಲ್ಲಿ ಮೊಣಕಾಲು ತಿರುಚುತ್ತದೆ. ಬರೀ ‘30 ಸೆಂ.ಮೀ. ಹೊಸ ಹಿಮ’ ಎಂದರೆ ಇವೆರಡರಲ್ಲಿ ಯಾವುದು ಎಂದು ಗೊತ್ತಾಗುವುದಿಲ್ಲ.

ನಿಜವಾದ ತಿರುವು ಬಂದದ್ದು ಸ್ವಿಟ್ಜರ್ಲೆಂಡಿನಲ್ಲಿ. 1936ರಲ್ಲಿ ದಾವೋಸ್ ಊರಿನ ಮೇಲೆ, ಸುಮಾರು 2,660 ಮೀಟರ್ ಎತ್ತರದ ವೈಸ್‌ಫ್ಲೂಯೋಕ್‌ನಲ್ಲಿ, ಕೆಲವು ಸಂಶೋಧಕರು ಹಿಮದಿಂದಲೇ ಪ್ರಯೋಗಾಲಯ ಕಟ್ಟಿಕೊಂಡು ಕೂತರು. ಅವರಲ್ಲಿ ಮಣ್ಣಿನ ಬಲ ಅಳೆಯುವ ಎಂಜಿನಿಯರ್ ಇದ್ದರು, ಹರಳುಗಳ ತಜ್ಞರಿದ್ದರು. ಹಿಮಕುಸಿತದ ಮೂಲವನ್ನು ಅವರು ಹುಡುಕಿದ್ದು ಬಿದ್ದ ಹಿಮದ ಪದರಗಳಲ್ಲಿ. ಇವತ್ತಿಗೂ ಹುಡುಕುವುದು ಪದರಗಳಲ್ಲೇ. ನೆಲ ತಾಕುವವರೆಗೆ ಗುಂಡಿ ತೋಡಬೇಕು. ಗೋಡೆಯಲ್ಲಿ ಒಂದೊಂದು ಬಿರುಗಾಳಿಯೂ ಒಂದೊಂದು ಪದರವಾಗಿ ಕಾಣುತ್ತದೆ. ಪ್ರತಿ ಪದರಕ್ಕೂ ಮುಷ್ಟಿ ಒತ್ತಿ ನೋಡುವುದು. ಒಳಗೆ ಹೋಗದಿದ್ದರೆ ನಾಲ್ಕು ಬೆರಳು, ಅದೂ ಹೋಗದಿದ್ದರೆ ಒಂದೇ ಬೆರಳು, ಆಮೇಲೆ ಪೆನ್ಸಿಲ್, ಕೊನೆಗೆ ಚಾಕು. ಗಟ್ಟಿ ಪದರದ ಕೆಳಗೆ ಮುಷ್ಟಿ ಸಲೀಸಾಗಿ ಹೋಗುವ ಪದರ ಸಿಕ್ಕಿತೆಂದರೆ ಅಪಾಯ.

ಆ ಮೆತ್ತನೆ ಪದರ ಹುಟ್ಟುವ ಬಗೆಯೇ ವಿಚಿತ್ರ. ಹಿಮದ ಹೊದಿಕೆ ತೆಳ್ಳಗಿದ್ದು ರಾತ್ರಿ ಆಕಾಶ ತಿಳಿಯಾಗಿದ್ದರೆ ಮೇಲ್ಮೈ ಮೈನಸ್ 20 ಡಿಗ್ರಿಗೂ ಇಳಿಯಬಹುದು. ನೆಲಕ್ಕೆ ತಾಗಿದ ಭಾಗ ಮಾತ್ರ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಕೆಳಗಿನ ಆವಿ ಮೇಲಕ್ಕೇರುತ್ತ ತಳದ ಹರಳುಗಳನ್ನು ದಪ್ಪ ಸಕ್ಕರೆಯಂತೆ ಉದುರುದುರು ಮಾಡುತ್ತದೆ. ಅದರ ಮೇಲೆ ಒಂದೇ ಸಲ ಭಾರೀ ಹಿಮ ಬಿದ್ದರೆ ತಳ ತಡೆಯುವುದಿಲ್ಲ. ಹೀಗಾಗಿ ಹಿಮ ಕಡಿಮೆಯಾದ ವರ್ಷ ಅಪಾಯವೂ ಕಡಿಮೆ ಎಂದುಕೊಳ್ಳುವುದು ಶುದ್ಧ ತಪ್ಪು. ಗುಲ್ಮಾರ್ಗ್‌ನ ಈಚಿನ ಚಳಿಗಾಲಗಳ ಹಾಗೆ ವಾರಗಟ್ಟಲೆ ಒಣಗಿಸಿ ಆಮೇಲೆ ಒಮ್ಮೆಗೇ ಸುರಿಯುವ ಕಾಲದಲ್ಲೇ ಹೆಚ್ಚು ಎಚ್ಚರ ಬೇಕು.

1945ರಿಂದ ದಾವೋಸ್‌ನ ಈ ಸಂಶೋಧಕರ ಸಂಸ್ಥೆ ಜನರಿಗಾಗಿ ಹಿಮಕುಸಿತದ ಪ್ರಕಟಣೆ ಹೊರಡಿಸತೊಡಗಿತು. 1950–51ರ ಒಂದೇ ಚಳಿಗಾಲ ಸ್ವಿಟ್ಜರ್ಲೆಂಡಿನಲ್ಲಿ 98 ಜನರನ್ನು ಬಲಿತೆಗೆದುಕೊಂಡ ಮೇಲಂತೂ ಅದಕ್ಕೆ ಹೊಸ ಮಹತ್ವ ಬಂತು. ಅದೇ ಸುಮಾರಿಗೆ ಅಮೆರಿಕದ ಯೂಟಾದ ಆಲ್ಟಾದಲ್ಲಿ ಮಾಂಟಿ ಆಟ್‌ವಾಟರ್ ಸ್ಫೋಟಕ ಹಾಕಿ, ಸ್ಕೀಗರು ಬರುವ ಮೊದಲೇ ಹಿಮವನ್ನು ಬೀಳಿಸಿಬಿಡುವ ದಾರಿ ಹಿಡಿದರು. ಯುರೋಪಿನ ದೇಶಗಳೆಲ್ಲ ಸೇರಿ 1ರಿಂದ 5ರವರೆಗಿನ ಒಂದೇ ಅಪಾಯಮಾಪಕ ಒಪ್ಪಿಕೊಂಡದ್ದು 1993ರಲ್ಲಿ. ಇದರಲ್ಲೊಂದು ಮೋಸವಿದೆ. ಐದರಲ್ಲಿ ಮೂರು ಎಂದರೆ ಪಾಸ್ ಮಾರ್ಕು ಎಂಬ ಭಾವನೆ ಬರುತ್ತದೆ. ಆಲ್ಪ್ಸ್‌ನಲ್ಲಿ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಆ ಮೂರನೇ ಹಂತದ ದಿನಗಳಲ್ಲೇ. 4, 5 ಎಂದರೆ ಜನ ಮನೆಯಲ್ಲೇ ಇರುತ್ತಾರೆ.

ಇನ್ನು ಮೊದಲನೆಯ ವಿದ್ಯೆಯ, ಅಂದರೆ ಆಕಾಶದ ಮುನ್ಸೂಚನೆಯ, ಕತೆ ಎಲ್ಲರಿಗೂ ಗೊತ್ತಿರುವಂಥದು. 1950ರಲ್ಲಿ ಎನಿಯಾಕ್ ಕಂಪ್ಯೂಟರಿನ ಮೇಲೆ ಮೊದಲ ಮುನ್ಸೂಚನೆ. 1979ರಿಂದ ಯುರೋಪಿನ ಜಂಟಿ ಕೇಂದ್ರದ ಮುನ್ಸೂಚನೆ. 1992ರಿಂದ ಒಂದೇ ಲೆಕ್ಕವನ್ನು ಆರಂಭದ ಅಂಕಿಗಳನ್ನು ತುಸು ಬದಲಿಸಿ ಹತ್ತಾರು ಸಲ ಮಾಡಿ, ಉತ್ತರಗಳು ಎಷ್ಟು ಚದುರುತ್ತವೆ ಎಂದು ನೋಡುವ ಪದ್ಧತಿ. ಚದುರಿದಷ್ಟೂ ನಂಬಿಕೆ ಕಡಿಮೆ. ಆದರೆ ಕಂಪ್ಯೂಟರು ಕೆಲಸ ಮಾಡುವುದು ಹಲವು ಕಿಲೋಮೀಟರ್ ಅಗಲದ ಚೌಕಗಳಲ್ಲಿ. ಶಿಖರ, ಕಣಿವೆ ಎರಡೂ ಒಂದೇ ಚೌಕದೊಳಗೆ ಸವೆದುಹೋಗುತ್ತವೆ. ಗುಲ್ಮಾರ್ಗ್ ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಬೆಟ್ಟ ಹತ್ತುವ ಗೊಂಡೋಲಾ ರೋಪ್‌ವೇಯ ತುದಿ 3,900 ಮೀಟರಿಗೂ ಮೇಲೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಇಳಿದರೂ ಎಂಟು ಡಿಗ್ರಿ ವ್ಯತ್ಯಾಸ. ಊರಲ್ಲಿ ಕೆಸರು, ಮೇಲೆ ಹಿಟ್ಟಿನಂಥ ಹಿಮ.

ರೆಸಾರ್ಟ್‌ಗಳು ತಾವೇ ಹೇಳುವ ಲೆಕ್ಕದ ಮಾತು ಬಂದರೆ, ಅರ್ಥಶಾಸ್ತ್ರಜ್ಞರಾದ ಜೊನಾಥನ್ ಜಿನ್‌ಮನ್ ಮತ್ತು ಎರಿಕ್ ಜಿಟ್ಸೆವಿಟ್ಜ್ ನಡೆಸಿದ ಅಧ್ಯಯನವನ್ನು ನೆನೆಯಲೇಬೇಕು. ಉತ್ತರ ಅಮೆರಿಕದ ಸ್ಕೀ ತಾಣಗಳು ವಾರಾಂತ್ಯದಲ್ಲಿ ಶೇ 23ರಷ್ಟು ಹೆಚ್ಚು ಹೊಸ ಹಿಮ ಬಿದ್ದಿದೆ ಎಂದು ಹೇಳಿಕೊಳ್ಳುತ್ತಿದ್ದವು! ಮೋಡಕ್ಕೆ ಶನಿವಾರ ಭಾನುವಾರ ಗೊತ್ತಿಲ್ಲವಲ್ಲ. ಸ್ಕೀಗರು ಲಿಫ್ಟಿನಲ್ಲಿ ಕೂತೇ ಐಫೋನ್‌ನಿಂದ ನಿಜಸ್ಥಿತಿ ಬರೆದು ಹಾಕುವ ಅನುಕೂಲ ಬಂದ ಮೇಲೆ ಈ ಉತ್ಪ್ರೇಕ್ಷೆ ತಗ್ಗಿತು.

ನಮ್ಮಲ್ಲಿ ಈ ವಿದ್ಯೆ ಬೆಳೆದದ್ದು ಸೇನೆಯ ಅಗತ್ಯಕ್ಕೆ. 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಶುರುವಾಯಿತು. 2020ರಲ್ಲಿ ಅದು ರಕ್ಷಣಾ ಇಲಾಖೆಯ ಇನ್ನೊಂದು ಪ್ರಯೋಗಾಲಯದೊಂದಿಗೆ ಸೇರಿ ಡಿಜಿಆರ್‌ಇ ಆಯಿತು. ಇಂಥ ಸಂಸ್ಥೆಯಿದ್ದೂ 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲೇ ತರಬೇತಿಯಲ್ಲಿದ್ದ 17 ಸೈನಿಕರು ಹಿಮದಡಿ ಸತ್ತರು. 2016ರಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹೂತುಹೋಗಿದ್ದು ಜೀವಂತ ಸಿಕ್ಕ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ, ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದದ್ದನ್ನು ಕರ್ನಾಟಕ ಮರೆತಿಲ್ಲ.

ಡಿಜಿಆರ್‌ಇ ಮುನ್ನೆಚ್ಚರಿಕೆ ಈಗ ಸಾರ್ವಜನಿಕರಿಗೂ ಬರುತ್ತದೆ, ಆದರೆ ಜಿಲ್ಲೆಯ ಲೆಕ್ಕದಲ್ಲಿ: ಇಂಥ ಜಿಲ್ಲೆಯಲ್ಲಿ ಇಷ್ಟು ಮೀಟರಿಗೂ ಮೇಲೆ, ಮುಂದಿನ 24 ಗಂಟೆ, ಮಧ್ಯಮ ಅಪಾಯ. ಜಿಲ್ಲೆಯೊಂದರಲ್ಲಿ ನೂರಾರು ಇಳಿಜಾರುಗಳಿರುತ್ತವೆ. ಹಿಮ ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿ ಓರೆಯಿರುವ ಕಡೆ, ಅದರಲ್ಲೂ ಗಾಳಿ ಹಿಮವನ್ನು ಹೊತ್ತು ತಂದು ಗುಡ್ಡೆ ಹಾಕಿದ ಮಗ್ಗುಲಲ್ಲಿ. ಅದು ಯಾವುದು ಎಂಬುದನ್ನು ಅಲ್ಲಿನ ಸ್ಕೀ ಪಟ್ರೋಲ್‌ನವರನ್ನೇ ಕೇಳಬೇಕು. ಇನ್ನು ಪ್ರಕಟಣೆಯಲ್ಲಿ ‘2,800 ಮೀಟರಿಗೂ ಮೇಲೆ’ ಎಂದಿದ್ದರೆ ಅದು ಊರಿಗೆ ಅನ್ವಯಿಸುವುದಿಲ್ಲ. ಗೊಂಡೋಲಾದ ಮೊದಲ ನಿಲ್ದಾಣ ಕೊಂಗ್‌ಡೋರಿ ಮಾತ್ರ ಆಗಲೇ 3,000 ಮೀಟರ್ ದಾಟಿರುತ್ತದೆ.