ವಟ್ಟದ ಲೆಕ್ಕ

ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಚಿನ್ನ ಬೆಳ್ಳಿಯ ದರ ಅಚ್ಚಾಗುವ ಮೂಲೆಗೆ ‘ಚಿನಿವಾರ ಪೇಟೆ’ ಎಂಬ ತಲೆಬರಹವನ್ನು ನೀವು ನೋಡಿರುತ್ತೀರಿ. ಚಿನಿವಾರ ಎಂದರೆ ನಾಣ್ಯವನ್ನು ಒರೆಗೆ ಹಚ್ಚಿ, ತೂಗಿ, ಒಂದು ಊರಿನ ನಾಣ್ಯಕ್ಕೆ ಇನ್ನೊಂದು ಊರಿನದನ್ನು ಕೊಡುತ್ತಿದ್ದವನು. ಹಾಗೆ ಕೊಡುವಾಗ ಅವನು ಮುರಿದುಕೊಳ್ಳುತ್ತಿದ್ದ ಪಾಲಿಗೆ ವಟ್ಟ ಎಂದು ಹೆಸರು. ಇಂದಿನ ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಅದೇ ವಟ್ಟ ‘ಫಾರೆಕ್ಸ್ ಮಾರ್ಕಪ್’ ಎಂಬ ಹೆಸರಿನಲ್ಲಿ ಕೂತಿರುತ್ತದೆ.

ನನ್ನ ಊರು ಬೆಳುವಾಯಿ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರ ಸುಮಾರಿಗೆ. ಅದಕ್ಕೆ ಹಣ ಸುರಿದವರಲ್ಲಿ ಇಲ್ಲಿನ ಜೈನ ಸೆಟ್ಟಿಗಳು ಇದ್ದರು. ಘಟ್ಟದ ಮೇಲಿನ ಸರಕಿಗೂ ಕಡಲ ದಂಡೆಯ ಸರಕಿಗೂ ನಡುವೆ ನಿಂತು ಬದುಕಿದ ವ್ಯಾಪಾರಿಗಳು ಅವರು. ಅಂಥವರ ಕೈಗೆ ಒಂದೇ ಟಂಕಸಾಲೆಯ ನಾಣ್ಯ ಬರುವುದು ಸಾಧ್ಯವಿರಲಿಲ್ಲ. ತುಳುನಾಡಿನ ಶಾಸನಗಳನ್ನು ಓದುವಾಗ ನನಗೆ ಮೊದಲು ಬೇಸರ ತರಿಸುತ್ತಿದ್ದ, ಆಮೇಲೆ ಬಹಳ ಇಷ್ಟವಾದ ಒಂದು ಅಭ್ಯಾಸವಿದೆ. ದತ್ತಿಯ ಮೊತ್ತ ಹೇಳುವಾಗ ಬರೇ ‘ಗದ್ಯಾಣ’ ಎಂದು ಬಿಡದೆ, ಬಾರಕೂರ ಗದ್ಯಾಣವೋ ಮಂಗಳೂರ ಗದ್ಯಾಣವೋ ಎಂದು ಬಿಡಿಸಿ ಕೆತ್ತಿಸುತ್ತಿದ್ದರು. ಇದು ಊರಿನ ಅಭಿಮಾನಕ್ಕೆ ಮಾಡಿದ್ದೆಂದು ನನಗೆ ಅನಿಸುವುದಿಲ್ಲ. ನೂರು ವರ್ಷದ ಮೇಲೆ ದೇವಸ್ಥಾನಕ್ಕೆ ಬಡ್ಡಿ ಕೊಡುವವನು ಹಗುರ ನಾಣ್ಯ ತಂದು ಇಟ್ಟರೆ ಜಗಳ ಯಾರು ಮಾಡುವುದು? ಒಂದು ಶಬ್ದ ಹೆಚ್ಚು ಕೆತ್ತಿಸಿ ಆ ಜಗಳವನ್ನು ಮೊದಲೇ ಮುಗಿಸಿಟ್ಟರು.

1443ರಲ್ಲಿ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿಗೆ ಬಂದಿಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಅಲ್ಲಿಯ ನಾಣ್ಯಗಳನ್ನು ಅವನು ಮನೆಯ ಲೆಕ್ಕ ಬರೆಯುವವನ ಹಾಗೆ ಬರೆದಿಟ್ಟಿದ್ದಾನೆ: ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಹಣ, ಹಣದ ಆರನೇ ಒಂದು ಪಾಲು ಬೆಳ್ಳಿಯ ತಾರ. ಈ ಪ್ರತಾಪವೇ ಪೋರ್ಚುಗೀಸರ ಲೆಕ್ಕಪುಸ್ತಕಗಳಲ್ಲಿ ‘ಪರ್ದಾವ್’ ಆಯಿತು. ಪರಊರಿನವನಿಗೆ ನಾಣ್ಯದ ಪಟ್ಟಿ ಕುತೂಹಲದ ವಿಷಯವಲ್ಲ, ಪ್ರಯಾಣದ ಖರ್ಚಿನ ವಿಷಯ.

ಕಂಪೆನಿ ಬಂದ ಮೇಲೂ ಗೊಂದಲ ತಪ್ಪಲಿಲ್ಲ. 1799ರಲ್ಲಿ ಕನ್ನಡ ಜಿಲ್ಲೆ ಮದ್ರಾಸಿನ ಆಡಳಿತಕ್ಕೆ ಸೇರಿತು. ಇಲ್ಲಿ ಕಂದಾಯದ ಲೆಕ್ಕ ಬಹಾದ್ದೂರಿ ವರಹದಲ್ಲಿ, ಅಂದರೆ ಹೈದರಾಲಿಯ ಕಾಲದ ನಾಣ್ಯದಲ್ಲಿ. ಅದಕ್ಕೆ ನಾಲ್ಕು ರೂಪಾಯಿ. ಮದ್ರಾಸಿನ ಲೆಕ್ಕ ನಕ್ಷತ್ರ ವರಹದಲ್ಲಿ, ಅದಕ್ಕೆ ಮೂರೂವರೆ. ಎರಡಕ್ಕೂ ಹೆಸರು ವರಹವೇ. ನಡುವಿನ ಎಂಟಾಣೆಯನ್ನು ಲೆಕ್ಕದಲ್ಲಿ ಹಿಡಿಯದೆ ಜಿಲ್ಲೆಯ ಹಣವನ್ನು ಮದ್ರಾಸಿನ ಪುಸ್ತಕಕ್ಕೆ ಏರಿಸುವಂತಿರಲಿಲ್ಲ. 1801ರಲ್ಲಿ ವೇಣೂರು, ಮೂಡುಬಿದಿರೆ, ಕಾರ್ಕಳಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಹೋದ ಸೀಮೆಗಳಲ್ಲೆಲ್ಲ ಅಳತೆ, ತೂಕ, ನಾಣ್ಯಗಳನ್ನು ವಿಚಾರಿಸಿದ್ದು ಸುಮ್ಮನೆ ಅಲ್ಲ. 1818ರಲ್ಲಿ ಮದ್ರಾಸು ವರಹ ಬಿಟ್ಟು ರೂಪಾಯಿಗೆ ಬಂತು. 1835ರಲ್ಲಿ ಕಂಪೆನಿಯ ಇಡೀ ಸೀಮೆಗೆ ಒಂದೇ ರೂಪಾಯಿ. ನಿಧಾನಕ್ಕೆ ದೇಶದೊಳಗಿನ ವಟ್ಟ ಹೋಯಿತು, ಗಡಿಯಾಚೆಯದು ಉಳಿಯಿತು.

ಕೆಲ ಕಾಲ ಗಡಿಯಾಚೆಯೂ ಇರಲಿಲ್ಲ ಎನ್ನುವುದು ಕೊಲ್ಲಿಗೆ ಹೋಗುವ ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ದುಬೈ, ಕತಾರ್, ಮಸ್ಕತ್‌ಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಅದೇ ದಾರಿಯಲ್ಲಿ ಚಿನ್ನದ ಕಳ್ಳಸಾಗಣೆ ಹೆಚ್ಚಿ ವಿದೇಶಿ ವಿನಿಮಯ ಸೋರಿಹೋಗುತ್ತಿದೆ ಎಂದು 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. 1966ರ ಜೂನ್‌ನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿದಾಗ ಆ ನಾಡುಗಳು ಒಂದೊಂದಾಗಿ ಅದರ ಕೈಬಿಟ್ಟವು. ಕೊಲ್ಲಿಯಲ್ಲಿ ದುಡಿದು ಊರಿಗೆ ಕಳಿಸುವವರಿಗೆ ಅಲ್ಲಿಂದ ಶುರುವಾಯಿತು ವಿನಿಮಯ ದರದ ಚಿಂತೆ.

ಈಗ ನನ್ನ ಲೆಕ್ಕ. ಕನ್ನಡ ಕರಾವಳಿಯಿಂದ ಗೋವೆಗೆ ಹೋಗುತ್ತಿದ್ದ ಅಕ್ಕಿಯ ಬಗ್ಗೆ ನಾನು ಓದುತ್ತಿದ್ದೇನೆ. ಪೋರ್ಚುಗೀಸರ ‘ಮಾನ್ಸೂನ್ ಪುಸ್ತಕಗಳ’ ಕೆಲವು ಸಂಪುಟಗಳು ಪಣಜಿಯಲ್ಲಿವೆ, ಕೆಲವು ಲಿಸ್ಬನ್‌ನ ತೋರೆ ದೊ ತೊಂಬು ಪತ್ರಾಗಾರದಲ್ಲಿ. ಎರಡನೆಯದಕ್ಕೆ ಹೋಗಬೇಕೆಂದು ವಿಮಾನ, ಕೋಣೆ ಎಲ್ಲ ಕೂಡಿಸಿ ನೋಡಿದರೆ ಸುಮಾರು 1,00,000 ರೂಪಾಯಿ. ನಮ್ಮ ಬ್ಯಾಂಕುಗಳ ಬಹುಪಾಲು ಕಾರ್ಡುಗಳಲ್ಲಿ ವಿದೇಶಿ ಪಾವತಿಗೆ 3.5 ಶೇಕಡಾ ಮಾರ್ಕಪ್, ಆ ಮಾರ್ಕಪ್ ಮೇಲೆ 18 ಶೇಕಡಾ ಜಿಎಸ್‌ಟಿ. ಒಟ್ಟು 4,130 ರೂಪಾಯಿ. ಯುಜಿಸಿಯ ಕಿರಿಯ ಫೆಲೋಶಿಪ್ ತಿಂಗಳಿಗೆ 37,000. ಅದರ ಒಂಬತ್ತರಲ್ಲೊಂದು ಪಾಲು. ಪತ್ರಾಗಾರದ ಬಳಿ ಮೂರು ನಾಲ್ಕು ದಿನದ ಊಟ, ಅಂದರೆ ಮೂರು ನಾಲ್ಕು ದಿನದ ಓದು.

ತಪ್ಪಿಸುವ ದಾರಿಗಳಿವೆ, ಅವುಗಳಲ್ಲಿ ಒಂದು ಬೋನು. ಕೋಣೆ ಕಾದಿರಿಸುವಾಗ ತೆರೆ ಕೇಳುತ್ತದೆ: ಯೂರೋದಲ್ಲಿ ಕೊಡುತ್ತೀರಾ, ರೂಪಾಯಿಯಲ್ಲಿ ಕೊಡುತ್ತೀರಾ? ರೂಪಾಯಿ ಎಂದರೆ ನಮಗೆ ಸಮಾಧಾನ. ಆದರೆ ಆಗ ದರ ಕಟ್ಟುವುದು ಅಂಗಡಿಯವನ ಕಡೆಯವರು, ಅದು ಸಾಮಾನ್ಯವಾಗಿ ಕಾರ್ಡ್ ಜಾಲದ ದರಕ್ಕಿಂತ ದುಬಾರಿ. ಸಾಲದ್ದಕ್ಕೆ ವ್ಯಾಪಾರಿ ಹೊರದೇಶದಲ್ಲಿ ನೋಂದಾಯಿತನಾಗಿದ್ದರೆ ರೂಪಾಯಿಯ ಪಾವತಿಗೂ ಶುಲ್ಕ ಹಾಕುವ ಬ್ಯಾಂಕುಗಳು ಇಲ್ಲಿವೆ. ನಾನು ಯೂರೋ ಒತ್ತಿದೆ. ಮಾರ್ಕಪ್ ಇಲ್ಲದ ಕಾರ್ಡೊಂದನ್ನು ಅದರ ವಾರ್ಷಿಕ ಶುಲ್ಕ ನೋಡಿಕೊಂಡು ಮೊದಲೇ ಮಾಡಿಸಿಟ್ಟಿದ್ದೆ. ವಿಮಾನದ ಟಿಕೆಟನ್ನು ಇಲ್ಲಿಯೇ ರೂಪಾಯಿಯಲ್ಲಿ ಬಿಲ್ಲು ಮಾಡುವವರ ಬಳಿ ತೆಗೆದೆ. ಎಲ್ಲಿ ರದ್ದು ಮಾಡಬೇಕಾಗಬಹುದೋ ಅಲ್ಲಿ ಮುಂಗಡ ಕೊಡಲಿಲ್ಲ. ಹಣ ಮರಳುವಾಗ ಆ ದಿನದ ದರದಲ್ಲಿ ಮರಳುತ್ತದೆ, ಕಳೆದ ಮಾರ್ಕಪ್ ಸಾಮಾನ್ಯವಾಗಿ ಮರಳುವುದಿಲ್ಲ.

ಚಿನಿವಾರನನ್ನು ನಾನು ದೂರುವುದಿಲ್ಲ. ಅವನ ಮುಂದೆ ಒರೆಗಲ್ಲಿತ್ತು, ತಕ್ಕಡಿ ಇತ್ತು, ಖೋಟಾ ನಾಣ್ಯ ಕೈಗೆ ಬಂದರೆ ನಷ್ಟ ಅವನದೇ. ಏನನ್ನೂ ಒರೆಗೆ ಹಚ್ಚದ, ಏನನ್ನೂ ತೂಗದ ಯಂತ್ರ ನೂರಕ್ಕೆ ಮೂರೂವರೆ ಕೇಳುವುದು ಹೇಗೆ ಎಂಬುದಷ್ಟೇ ನನ್ನ ತಕರಾರು.

ಕೈಖರ್ಚಿನ ಯೂರೋಗಳಿಗೆ ಮಂಗಳೂರಿನ ಒಂದು ವಿನಿಮಯ ಅಂಗಡಿಗೆ ಹೋದೆ. ನನಗಿಂತ ಮುಂದಿದ್ದ ಹೆಂಗಸೊಬ್ಬರು ಮಗ ಕಳಿಸಿದ್ದ ಡಾಲರುಗಳನ್ನು ಮೇಜಿನ ಮೇಲಿಟ್ಟರು. ಅಂಗಡಿಯವರು ಒಂದೊಂದನ್ನೇ ಬೆಳಕಿಗೆ ಹಿಡಿದು, ಹಳೆಯ ಮಾದರಿಯ ಎರಡು ನೋಟುಗಳನ್ನು ಬೇರೆ ಇಟ್ಟು, “ಅಮ್ಮ, ಇದಕ್ಕೆ ಸ್ವಲ್ಪ ಕಮ್ಮಿ ಆಗ್ತದೆ” ಎಂದರು. ಎಷ್ಟು ಕಮ್ಮಿ ಎಂದು ಅವರು ಕೇಳಿದರು. ಅವರು ಹೇಳಿದ್ದನ್ನು ನೋಟಿನ ಮೇಲಿನ ಅಂಕಿಗೆ ತಾಳೆ ಹಾಕಿ, ಆ ಎರಡನ್ನು ವಾಪಸು ಪರ್ಸಿಗೆ ಹಾಕಿಕೊಂಡರು.