ಶುಕ್ರಸಂಕ್ರಮವೂ ರಘುನಾಥಾಚಾರ್ಯರೂ

ಮಹಡಿಯ ಮೇಲೆ ನಿಂತು ಮಕ್ಕಳಿಗೆ ಸಪ್ತರ್ಷಿಗಳನ್ನೂ ಧ್ರುವನನ್ನೂ ತೋರಿಸುವ ವಾಡಿಕೆ ನಮ್ಮ ಮನೆಗಳಲ್ಲಿ ಬಹು ಹಳೆಯದು. ಆದರೆ ವೇಧಶಾಲೆಯ ವಿದ್ಯೆಯನ್ನು ಜನರ ಅಂಗಳಕ್ಕೆ, ಅದೂ ಅವರವರ ಮಾತಿನಲ್ಲಿಯೇ, ತರಲು ಶ್ರಮಿಸಿದ ಹಿರಿಯರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅಂಥವರಲ್ಲೊಬ್ಬರು ಮದರಾಸಿನ ಚಿಂತಾಮಣಿ ರಘುನಾಥಾಚಾರ್ಯರು.

1792ರಲ್ಲಿ ನುಂಗಂಬಾಕ್ಕದಲ್ಲಿ ನೆಲೆಗೊಂಡ ಮದರಾಸು ವೇಧಶಾಲೆಯಲ್ಲಿ ಅವರು ಎಳೆಯ ವಯಸ್ಸಿನಲ್ಲೇ ಸೇವೆಗೆ ಸೇರಿ, ದುಡಿಮೆಯಿಂದಲೇ ಮೇಲೇರಿ, ಪ್ರಥಮ ಸಹಾಯಕರಾದರು. 1867ರಲ್ಲಿ ಬೆಳಕು ಹೆಚ್ಚು ಕಡಿಮೆಯಾಗುವ ತಾರೆಯೊಂದನ್ನು ಕಂಡುಹಿಡಿದರು. ಇಂದು ಅದಕ್ಕೆ ಆರ್ ರೆಟಿಕ್ಯುಲಿ ಎಂದು ಹೆಸರು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಹೈದರಾಬಾದು ಸೀಮೆಯ ವನಪರ್ತಿಯಲ್ಲಿ ವೀಕ್ಷಿಸಿದರು. ಅದೇ ಗ್ರಹಣವನ್ನು ಪರೀಕ್ಷಿಸಲು ಜಾನ್ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ ಬೀಡುಬಿಟ್ಟದ್ದು ನಮ್ಮ ಜಮಖಂಡಿಯಲ್ಲಿ.

ಮುಂದೆ 1874ರ ಡಿಸೆಂಬರ್ 9ರಂದು ಶುಕ್ರಸಂಕ್ರಮ ಒದಗಿತು. ಭೂಮಿಗೂ ಸೂರ್ಯನಿಗೂ ನಡುವೆ ಶುಕ್ರಗ್ರಹ ಹಾದು, ಸೂರ್ಯಬಿಂಬದ ಮೇಲೆ ಕರಿಯ ಬೊಟ್ಟಿನಂತೆ ಸರಿಯುವುದೇ ಈ ಸಂಕ್ರಮ. ಭೂಮಿಯ ಬೇರೆ ಬೇರೆ ಎಡೆಗಳಿಂದ ಅದರ ಕಾಲವನ್ನು ಅಳೆದರೆ ಸೂರ್ಯನ ದೂರ ತಿಳಿಯುತ್ತದೆಂದು ಎಡ್ಮಂಡ್ ಹ್ಯಾಲಿ ಬಹು ಹಿಂದೆಯೇ ತೋರಿಸಿಕೊಟ್ಟಿದ್ದನು. ವಿದ್ವಾಂಸರು ದೇಶದೇಶಗಳಿಗೆ ದೂರದರ್ಶಕಗಳನ್ನು ಹೊತ್ತು ಹೊರಟರು. ಆಚಾರ್ಯರ ಚಿಂತೆಯೇ ಬೇರೆ: ಇದನ್ನು ನೋಡುವ ಜನಕ್ಕೆ ಇದರ ಅರ್ಥ ಹೇಳುವವರು ಯಾರು? ಸಿದ್ಧಾಂತಿಯೊಬ್ಬನೂ ಅವನ ಖಗೋಳಜ್ಞ ಮಿತ್ರನೂ ಮಾತನಾಡಿಕೊಳ್ಳುವ ಸಂವಾದದ ರೂಪದಲ್ಲಿ ಅವರು ಒಂದು ಕಿರುಹೊತ್ತಗೆ ಬರೆದರು. ಇಂಗ್ಲಿಷಿನಲ್ಲಷ್ಟೇ ಅದು ಉಳಿಯಬಾರದೆಂದು ದೇಶಭಾಷೆಗಳಿಗೂ ಅದನ್ನು ತರಲು ತೊಡಗಿದರು. ಅವುಗಳಲ್ಲಿ ಕನ್ನಡವೂ ಒಂದು. ಪಂಚಾಂಗದ ಗಣಿತವೂ ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದಬೇಕೆಂದು ಅವರು ವಾದಿಸಿದರು. ಹಳೆಯ ವಿದ್ಯೆಯನ್ನು ಹಳಿಯದೆ, ಹೊಸ ವಿದ್ಯೆಗೆ ಹೆದರದೆ ನಡೆದ ಹಿರಿಯರು ಅವರು. 1880ರಲ್ಲಿ ತೀರಿಕೊಂಡರು.

ನಮ್ಮ ಕಾಲದಲ್ಲಿ 2004ರ ಜೂನ್ 8ರಂದೂ 2012ರ ಜೂನ್ 6ರಂದೂ ಶುಕ್ರಸಂಕ್ರಮ ಭಾರತಕ್ಕೆ ಕಂಡಿತು. ಇನ್ನೊಂದು ಬರುವುದು 2117ರಲ್ಲಿ. ನಮಗಂತೂ ಅದು ದಕ್ಕದು. ಆದರೆ ಗ್ರಹಣ, ಉಲ್ಕಾಪಾತ, ಗ್ರಹಗಳ ಜೋಡಿ ಇವು ಮೇಲಿಂದ ಮೇಲೆ ಬರುತ್ತಲೇ ಇರುತ್ತವೆ. ನಾವು ನೆಲಸಿದ ಊರುಗಳಲ್ಲಿ ಸಾಧನಕ್ಕೇನೂ ಕೊರತೆಯಿಲ್ಲ. ಪುಣೆಯಲ್ಲಿ ಹವ್ಯಾಸಿಗಳ ಜ್ಯೋತಿರ್ವಿದ್ಯಾ ಪರಿಸಂಸ್ಥೆ 1944ರಲ್ಲೇ ಹುಟ್ಟಿತು. ಮುಂಬಯಿಯ ತಾರಾಲಯ 1977ರಲ್ಲಿ, ದೆಹಲಿಯದು 1984ರಲ್ಲಿ, ಹೈದರಾಬಾದಿನದು 1985ರಲ್ಲಿ ತೆರೆದವು.

ಕೊರತೆಯಿರುವುದು ಮಾತಿನದು. ಅಲ್ಲಿ ನಮ್ಮ ಮಕ್ಕಳು ಆಕಾಶದ ಪಾಠವನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳುತ್ತಾರೆ; ಕೇಳಲಿ, ಅದು ಲಾಭವೇ. ಆದರೆ ಮನೆಗೆ ಬಂದ ಮೇಲೆ ಕಂಡದ್ದನ್ನು ಕನ್ನಡದಲ್ಲಿ ಹೇಳಲು ಅವರಿಗೆ ಬಾರದೆ ಹೋದರೆ, ನಮ್ಮ ನುಡಿ ಅಡಿಗೆಮನೆಯ ನುಡಿಯಾಗಿಯೇ ನಿಂತುಬಿಟ್ಟೀತು. ಸಂಘದ ವತಿಯಿಂದ ವರ್ಷಕ್ಕೊಂದು ರಾತ್ರಿಯಾದರೂ ತಾರಾವೀಕ್ಷಣೆ ಏರ್ಪಡಲಿ. ಕೃತ್ತಿಕೆ, ರೋಹಿಣಿಯರನ್ನು ಕನ್ನಡದಲ್ಲೇ ಕರೆದು ತೋರಿಸೋಣ. ಆಚಾರ್ಯರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಅದು.