ದುಡಿಮೆ, ಊಟ, ವಯಸ್ಸು: ಹಳೆಯ ದಾಖಲೆಗಳು ಹೇಳಿದ ಕಥೆ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನೀವು ಚಿಕ್ಕಂದಿನಿಂದ ಕೇಳಿದ್ದೀರಿ. ಮೈಮುರಿದು ದುಡಿಯುವವರ ಹತ್ತಿರ ಕಾಯಿಲೆ ಸುಳಿಯುವುದಿಲ್ಲ ಎಂಬ ಮಾತೂ ಹೊಸದಲ್ಲ. ಎರಡರಲ್ಲೂ ಸತ್ಯವಿದೆ. ಆದರೆ ಯಾರು, ಯಾವ ವಯಸ್ಸಿನಲ್ಲಿ, ಎಷ್ಟು ದುಡಿಯಬೇಕು, ಏನನ್ನು ಉಣ್ಣಬೇಕು ಎಂದು ಕೇಳಿದರೆ ಗಾದೆಯ ಬಳಿ ಉತ್ತರವಿಲ್ಲ. ವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನುಹತ್ತಿ ಬಸ್ ಡಿಪೋ, ಹೆರಿಗೆ ಆಸ್ಪತ್ರೆ, ಹಳ್ಳಿ, ವೃದ್ಧಾಶ್ರಮಗಳಿಗೆ ಹೋದರು. ಆ ಹುಡುಕಾಟದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮೈಸೂರಿನಲ್ಲಿ.

ಮೊದಲು ಲಂಡನ್ನಿಗೆ ಹೋಗೋಣ. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತಕ್ಕೆ ತುತ್ತಾಗುವುದು ಹೆಚ್ಚುತ್ತಿತ್ತು. ಜೆರ್ರಿ ಮಾರಿಸ್ ಎಂಬ ವೈದ್ಯರಿಗೆ ಇದಕ್ಕೂ ಜನ ಮಾಡುವ ಉದ್ಯೋಗಕ್ಕೂ ಸಂಬಂಧವಿರಬಹುದೇ ಎಂಬ ಅನುಮಾನ ಬಂತು. ಅವರು ಮತ್ತು ಅವರ ಸಂಗಡಿಗರು ಲಂಡನ್ ಸಾರಿಗೆ ಸಂಸ್ಥೆಯ 35ರಿಂದ 64 ವರ್ಷ ವಯಸ್ಸಿನ ಸುಮಾರು 31,000 ನೌಕರರ ದಾಖಲೆಗಳನ್ನು ಪರಿಶೀಲಿಸಿದರು. ಒಂದೇ ಬಸ್ಸು, ಒಂದೇ ಪಾಳಿ, ಹೆಚ್ಚುಕಡಿಮೆ ಒಂದೇ ಮಟ್ಟದ ಬದುಕು. ವ್ಯತ್ಯಾಸ ಒಂದೇ. ಚಾಲಕ ದಿನವಿಡೀ ಕುಳಿತಿರುತ್ತಾನೆ. ನಿರ್ವಾಹಕ ಟಿಕೆಟ್ ಕೊಡುತ್ತ ಡಬಲ್ ಡೆಕ್ಕರಿನ ಮೆಟ್ಟಿಲನ್ನು ಹತ್ತಿ ಇಳಿಯುತ್ತಿರುತ್ತಾನೆ, ದಿನವೊಂದಕ್ಕೆ 500ರಿಂದ 750 ಮೆಟ್ಟಿಲು. ಬೆಂಗಳೂರಿನ ಹಳೆಯ ಡಬಲ್ ಡೆಕ್ಕರ್ ಬಸ್ಸುಗಳನ್ನು ಕಂಡವರಿಗೆ ಆ ಇಕ್ಕಟ್ಟಿನ ಮೆಟ್ಟಿಲು ನೆನಪಿರಬಹುದು.

1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಚಕಿತಗೊಳಿಸಿತು. ನಿರ್ವಾಹಕರಲ್ಲಿ ಹೃದ್ರೋಗ ಚಾಲಕರಲ್ಲಿರುವುದಕ್ಕಿಂತ ಕಡಿಮೆಯಿತ್ತು. ಬಂದರೂ ತಡವಾಗಿ ಬರುತ್ತಿತ್ತು, ಪ್ರಾಣಾಪಾಯವೂ ಕಡಿಮೆ. ಚಾಲಕರಾಗಿ ಸೇರುವವರೇ ಮೊದಲಿನಿಂದ ದಪ್ಪಗಿರುತ್ತಾರೇನೋ ಎಂಬ ಆಕ್ಷೇಪ ಸಹಜವಾಗಿಯೇ ಬಂತು. ಮಾರಿಸ್ ಅದನ್ನೂ ಬಿಡಲಿಲ್ಲ. ಸಂಸ್ಥೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆ ದಾಖಲೆಗಳಲ್ಲಿತ್ತು. ಚಾಲಕರ ಸೊಂಟ ನಿಜವಾಗಿಯೂ ದಪ್ಪವಿತ್ತು ಎಂದು 1956ರಲ್ಲಿ ಪ್ರಾಮಾಣಿಕವಾಗಿ ಬರೆದರು. ಆದರೆ ಸೊಂಟದ ಅಳತೆಯೊಂದರಿಂದಲೇ ಈ ಅಂತರವನ್ನು ವಿವರಿಸಲಾಗದು ಎಂಬುದು ಮುಂದಿನ ಅಧ್ಯಯನಗಳಲ್ಲಿ ಸ್ಪಷ್ಟವಾಯಿತು. 2009ರಲ್ಲಿ ತೀರಿಕೊಂಡಾಗ ಮಾರಿಸ್ ಅವರಿಗೆ 99 ವರ್ಷ.

ಇಲ್ಲಿಗೆ ಕಥೆ ಮುಗಿದಿದ್ದರೆ ನಮ್ಮೆಲ್ಲರಿಗೂ ಒಂದೇ ಉಪದೇಶ ಸಾಕಾಗುತ್ತಿತ್ತು: ಎದ್ದು ನಡೆಯಿರಿ. ಆದರೆ ಒಂದು ಒಗಟು ಉಳಿದಿತ್ತು. ಹೃದ್ರೋಗ ಕೂತು ತಿನ್ನುವವರ ಕಾಯಿಲೆ, ಸಿರಿವಂತರ ಕಾಯಿಲೆ ಎನ್ನುವುದಾದರೆ, ಬ್ರಿಟನ್ನಿನ ಬಡ ಜಿಲ್ಲೆಗಳಲ್ಲಿ ಅದು ಹೆಚ್ಚಾಗಿದ್ದುದು ಏಕೆ? ಸೌತಾಂಪ್ಟನ್ನಿನ ವೈದ್ಯ ಡೇವಿಡ್ ಬಾರ್ಕರ್ ಮತ್ತು ಸಂಖ್ಯಾಶಾಸ್ತ್ರಜ್ಞ ಕ್ಲೈವ್ ಆಸ್ಮಂಡ್ 1986ರಲ್ಲಿ ಎರಡು ಕಾಲದ ಅಂಕಿಅಂಶಗಳನ್ನು ಜೋಡಿಸಿ ನೋಡಿದರು. 1921ರಿಂದ 1925ರವರೆಗೆ ಎಲ್ಲೆಲ್ಲಿ ಹಸುಗೂಸುಗಳು ಹೆಚ್ಚಾಗಿ ಸಾಯುತ್ತಿದ್ದವೋ, ಅರ್ಧ ಶತಮಾನದ ನಂತರ ಅಲ್ಲಲ್ಲೇ ವಯಸ್ಕರು ಹೃದ್ರೋಗದಿಂದ ಹೆಚ್ಚಾಗಿ ಸಾಯುತ್ತಿದ್ದರು.

ಈ ಸುಳಿವನ್ನು ವ್ಯಕ್ತಿ ವ್ಯಕ್ತಿಯ ಮಟ್ಟದಲ್ಲಿ ಪರೀಕ್ಷಿಸಬೇಕಾದರೆ ಹಳೆಯ ಜನನ ದಾಖಲೆಗಳು ಬೇಕು. ಅವು ಸಿಕ್ಕಿದ್ದು ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿ. ಅಲ್ಲಿ ಎತೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮೇಲ್ವಿಚಾರಕಿಯ ವ್ಯವಸ್ಥೆಯಲ್ಲಿ 1911ರಿಂದ ಪ್ರತಿ ಮಗುವಿನ ಹುಟ್ಟಿನ ತೂಕವನ್ನೂ ಒಂದು ವರ್ಷ ತುಂಬಿದಾಗಿನ ತೂಕವನ್ನೂ ಬರೆದಿಡಲಾಗುತ್ತಿತ್ತು. 1930ರೊಳಗೆ ಹುಟ್ಟಿದ 5,654 ಗಂಡಸರ ಹಣೆಬರಹವನ್ನು ಈ ಪುಸ್ತಕಗಳಿಂದ ಪತ್ತೆಹಚ್ಚಿದ ಬಾರ್ಕರ್, 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷ ತುಂಬಿದಾಗ ತೀರ ಕಡಿಮೆ ತೂಗುತ್ತಿದ್ದವರಲ್ಲಿ ಹೃದ್ರೋಗದ ಸಾವಿನ ಪ್ರಮಾಣ ಹೆಚ್ಚು ತೂಗುತ್ತಿದ್ದವರಿಗಿಂತ ಎರಡೂವರೆ ಪಟ್ಟಿಗೂ ಅಧಿಕ.

ಇದು ಇಂಗ್ಲೆಂಡಿನ ಮಾತಾಯಿತು. ಸಣ್ಣ ಮಕ್ಕಳು ಹುಟ್ಟುವುದು ಸಾಮಾನ್ಯವೇ ಆಗಿರುವ ನಮ್ಮ ದೇಶದಲ್ಲಿ ಹೇಗೆ? ಇದಕ್ಕೆ ಉತ್ತರ ಸಿಗಬೇಕಾದರೆ ಇಲ್ಲಿಯೂ ಯಾರೋ ಹಿಂದೆಯೇ ಮಕ್ಕಳನ್ನು ತೂಗಿ ಬರೆದಿಟ್ಟಿರಬೇಕು. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಈ ಕೆಲಸ ನಡೆದಿತ್ತು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ಜೊತೆಗೆ ತಾಯಿಯ ತೂಕ. ಕೆರೊಲಿನ್ ಫಾಲ್, ಕ್ಲಾಡಿಯಾ ಸ್ಟೈನ್ ಮುಂತಾದವರ ತಂಡ ಆಸ್ಪತ್ರೆಯ ಸುತ್ತಮುತ್ತ ಮನೆಮನೆಗೆ ತಿರುಗಿ, ಅಲ್ಲಿ ಹುಟ್ಟಿ ಆ ಊರಲ್ಲೇ ನೆಲೆಸಿದ್ದವರನ್ನು ಹುಡುಕಿ, 517 ಮಂದಿಯ ಹೃದಯ ತಪಾಸಣೆ ಮಾಡಿತು.

1996ರಲ್ಲಿ ಪ್ರಕಟವಾದ ಅಂಕಿಗಳನ್ನು ನಿಧಾನವಾಗಿ ಓದಿ. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗವಿತ್ತು. ಮೂರು ಕಿಲೋ ದಾಟಿ ಏಳು ಪೌಂಡು ಮುಟ್ಟಿದವರಲ್ಲಿ ನೂರಕ್ಕೆ 3. ಮಗು ಸಣ್ಣದಾಗಿದ್ದು, ಗರ್ಭಿಣಿಯಾಗಿದ್ದಾಗ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆಯಿದ್ದರೆ ಪ್ರಮಾಣ ನೂರಕ್ಕೆ 20! ಕಾಯಿಲೆ ಕಂಡುಬಂದವರು ಒಟ್ಟು 52 ಮಂದಿ ಮಾತ್ರ. ಆದ್ದರಿಂದ ಈ ಅಂಕಿಗಳನ್ನು ಕಲ್ಲಿನ ಶಾಸನವೆಂದು ತಿಳಿಯಬೇಕಾಗಿಲ್ಲ. ಆದರೂ ಅವು ತೋರಿದ ದಿಕ್ಕು ಹರ್ಟ್‌ಫರ್ಡ್‌ಶೈರಿನದೇ. ಐವತ್ತರ ಮನುಷ್ಯ ಎದೆ ಹಿಡಿದುಕೊಂಡು ಕುಸಿದರೆ ಅವನ ಅಭ್ಯಾಸಗಳನ್ನಷ್ಟೇ ದೂರುವ ನಾವು, ಅವನು ಹುಟ್ಟುವ ಮುನ್ನ ಅವನ ತಾಯಿಯ ತಟ್ಟೆಯಲ್ಲಿ ಏನಿತ್ತು ಎಂದು ಕೇಳಿಯೇ ಇರಲಿಲ್ಲ.

ಹಾಗಾದರೆ ತಾಯಿಯ ತೂಕ ಹೆಚ್ಚಿಸಿಬಿಟ್ಟರೆ ಸಾಕೇ? ಅಷ್ಟು ಸುಲಭವಲ್ಲ. ಅದೇ ಮೈಸೂರಿನ ದಾಖಲೆಗಳಿಂದ 1998ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡದ್ದು ದಪ್ಪ ತಾಯಂದಿರ ಮಕ್ಕಳಲ್ಲಿ, ಗಿಡ್ಡಗೆ ಗುಂಡಗೆ ಹುಟ್ಟಿದವರಲ್ಲಿ. ಹೊಟ್ಟೆ ತುಂಬಿಸುವುದು ಬೇರೆ, ಪೋಷಿಸುವುದು ಬೇರೆ ಎಂಬ ಎಚ್ಚರಿಕೆ ಇದು.

ಈ ವ್ಯತ್ಯಾಸವನ್ನು ಬಿಡಿಸಿ ತೋರಿಸಿದ್ದು ಪುಣೆಯ ಸಮೀಪದ ಆರು ಹಳ್ಳಿಗಳು. ಅಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಅಧ್ಯಯನ ಆರಂಭಿಸಿ, ಹೆಣ್ಣುಮಕ್ಕಳು ಗರ್ಭಿಣಿಯರಾಗುವ ಮೊದಲಿನಿಂದಲೇ ಅವರನ್ನು ಗಮನಿಸುತ್ತ ಬಂದರು. ಅಲ್ಲಿ ದಿನ ತುಂಬಿ ಹುಟ್ಟಿದ ಮಗುವಿನ ಸರಾಸರಿ ತೂಕ ಸುಮಾರು 2.7 ಕಿಲೋ, ಸೌತಾಂಪ್ಟನ್ನಿನ ಮಗುವಿನದು 3.5 ಕಿಲೋ. 2001ರಲ್ಲಿ ಶೋಭಾ ರಾವ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯ ಪ್ರಕಾರ, ಹಾಲು, ಸೊಪ್ಪು, ಹಣ್ಣುಗಳನ್ನು ಹೆಚ್ಚು ಸಲ ತಿಂದ ತಾಯಂದಿರ ಮಕ್ಕಳು ಚೆನ್ನಾಗಿ ಬೆಳೆದಿದ್ದವು. ಊಟದ ಒಟ್ಟು ಕ್ಯಾಲೊರಿಗೆ ಅಂಥ ಸಂಬಂಧ ಕಾಣಲಿಲ್ಲ.

ಎರಡು ವರ್ಷಗಳ ನಂತರ ಬಂದ ಮತ್ತೊಂದು ವರದಿಯನ್ನು ಲಂಡನ್ನಿನ ನಿರ್ವಾಹಕರ ಪಕ್ಕದಲ್ಲಿಟ್ಟು ಓದಬೇಕು. ಬಸುರಿನಲ್ಲಿ ಹೆಚ್ಚು ಮೈಕೆಲಸ ಮಾಡಿದ ಹೆಂಗಸರ ಮಕ್ಕಳು ತೂಕದಲ್ಲಿ ಕಡಿಮೆ, ತಲೆ ಮತ್ತು ತೋಳಿನ ಸುತ್ತಳತೆಯಲ್ಲೂ ಕಡಿಮೆ. ಹೊಲದಲ್ಲಿ ಬಗ್ಗಿ, ನೀರು ಹೊತ್ತು, ಮನೆಯ ಕೆಲಸವನ್ನೂ ಮುಗಿಸಿ, ಎಲ್ಲರಾದ ಮೇಲೆ ಉಳಿದದ್ದನ್ನು ಉಣ್ಣುವ ಹೆಣ್ಣಿಗೆ ‘ಚಟುವಟಿಕೆಯಿಂದಿರಮ್ಮ’ ಎಂದು ಹೇಳುವುದು ಕ್ರೌರ್ಯವಾಗುತ್ತದೆ. ಪಟ್ಟಣದಲ್ಲಿ ಕುರ್ಚಿಯಲ್ಲೇ ದಿನ ಕಳೆಯುವ ಗರ್ಭಿಣಿಗೆ ವೈದ್ಯರು ವಾಕಿಂಗ್ ಹೇಳುವುದು ಸರಿ. ಆದರೆ ಹೊಲದ ಹೆಣ್ಣಿಗೆ ಬೇಕಾದದ್ದು ವಿಶ್ರಾಂತಿ ಮತ್ತು ತಟ್ಟೆಯಲ್ಲಿ ಸೊಪ್ಪು, ಹಾಲು. ಒಂದೇ ಮೆಟ್ಟಿಲು ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ಹೊರೆ.

ಇನ್ನು ಬದುಕಿನ ಇನ್ನೊಂದು ತುದಿ. ಮುದುಕರಿಗೆ ಬೇಕಾದದ್ದು ವಿಶ್ರಾಂತಿ, ಮೆತ್ತಗಿನ ಅನ್ನ ಎಂದು ನಾವು ನಂಬಿದ್ದೇವೆ. ಅಮೆರಿಕದ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. 1990ರ ಅವರ ವರದಿಯಂತೆ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು, ಇಬ್ಬರು ಊರುಗೋಲನ್ನೇ ಬಿಟ್ಟರು.

1994ರಲ್ಲಿ ಅದೇ ತಂಡ ನೂರು ಮಂದಿ ದುರ್ಬಲ ವೃದ್ಧರ ಮೇಲೆ ಇನ್ನೊಂದು ಪರೀಕ್ಷೆ ನಡೆಸಿತು. ಅವರ ಸರಾಸರಿ ವಯಸ್ಸು 87. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಬಲ ಹತ್ತು ವಾರದಲ್ಲಿ ಇಮ್ಮಡಿಗಿಂತ ಹೆಚ್ಚಾಯಿತು. ಬರೀ ಪಾನೀಯ ಕುಡಿದವರಿಗೆ ಬಲ ಬರಲಿಲ್ಲ. ಅಷ್ಟೇ ಅಲ್ಲ, ದಿನದ ಒಟ್ಟು ಆಹಾರ ನಿಜಕ್ಕೂ ಹೆಚ್ಚಾದದ್ದು ಪಾನೀಯದೊಂದಿಗೆ ವ್ಯಾಯಾಮವನ್ನೂ ಮಾಡಿದವರಲ್ಲಿ ಮಾತ್ರ. ಅಜ್ಜನಿಗೆ ಡಬ್ಬಿಗಟ್ಟಲೆ ಪುಡಿ ತಂದುಕೊಟ್ಟು ಮಂಚದಲ್ಲೇ ಕೂರಿಸುವ ಮನೆಗಳು ಇದನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿ 65 ದಾಟಿದವರಿಗೆ ನಡಿಗೆಯ ಜೊತೆಗೆ ಸಮತೋಲನ ಮತ್ತು ಬಲವರ್ಧನೆಯ ವ್ಯಾಯಾಮವನ್ನು ವಾರಕ್ಕೆ ಮೂರು ದಿನ ಸೂಚಿಸುತ್ತದೆ. ಎಷ್ಟರಿಂದ ಆರಂಭಿಸಬೇಕೆಂಬುದನ್ನು ವೈದ್ಯರನ್ನು ಕೇಳಿ ತಿಳಿಯಿರಿ.

ಈ ಇತಿಹಾಸದಲ್ಲಿ ವಿಜ್ಞಾನಿಗಳ ಹೆಸರುಗಳು ಉಳಿದಿವೆ. ಮೈಸೂರಿನಲ್ಲಿ ನಡುರಾತ್ರಿ ಹೆರಿಗೆ ಮಾಡಿಸಿ, ಕೈ ತೊಳೆದು, ಮಗುವನ್ನು ತಕ್ಕಡಿಗೆ ಹಾಕಿ, ಅಂಕಿಯನ್ನು ಸರಿಯಾಗಿ ಬರೆದಿಟ್ಟ ದಾದಿಯರ ಹೆಸರು ನಮಗೆ ಗೊತ್ತಿಲ್ಲ. ಅರವತ್ತು ವರ್ಷದ ನಂತರ ಈ ಅಂಕಿ ಯಾರಿಗೆ ಬೇಕಾದೀತೆಂದು ಅವರು ಊಹಿಸಿಯೂ ಇರಲಾರರು. ನಿಮ್ಮ ಮನೆಯಲ್ಲಿ ಮಗು ಹುಟ್ಟಿದ್ದರೆ ಅದರ ತಾಯಿ ಕಾರ್ಡನ್ನು ಲಸಿಕೆ ಮುಗಿಯಿತೆಂದು ರದ್ದಿಗೆ ಹಾಕಬೇಡಿ. ಮಗುವಿನ ತೂಕ, ಅದರ ತಾಯಿಯ ತೂಕ ಅದರಲ್ಲಿದೆ. ಮನೆಯ ಪತ್ರಗಳ ಜೊತೆಯಲ್ಲೇ ಇಟ್ಟಿರಿ. ಮುಂದೊಂದು ದಿನ ಆ ಮಗುವಿನ ಡಾಕ್ಟರರು ಅದನ್ನು ಕೇಳಬಹುದು.